ಹತ್ತು ವರ್ಷದ ಮಗ, ಏಳು ವರ್ಷದ ಮಗಳು: ಸಂಜೆ ಎರಡೂವರೆ ಗಂಟೆ ಇಬ್ಬರನ್ನೇ ಬಿಡಬಹುದಾ?

ಇಬ್ಬರಮ್ಮ, ಹಾಸನ

ನಮ್ಮ ನಾದಿನಿಗೆ ಎರಡನೇ ಹೆರಿಗೆ. ಪುಣೆಯಲ್ಲಿದ್ದಾಳೆ, ದೊಡ್ಡ ಮಗುವಿಗೆ ಸ್ಕೂಲು ತಪ್ಪುತ್ತೆ ಅಂತ ಈ ಸಲ ಇಲ್ಲಿಗೆ ಬರ್ತಿಲ್ಲ. ಬಾಣಂತನಕ್ಕೆ ನಮ್ಮತ್ತೆಯೇ ಅಲ್ಲಿಗೆ ಹೊರಟಿದ್ದಾರೆ, ಮೂರು ತಿಂಗಳು. ಅವರು ಹೋಗೋದು ನ್ಯಾಯವೇ. ಆದರೆ ಇಷ್ಟು ವರ್ಷ ನಾನು ಯಾರ ಬಲದ ಮೇಲೆ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಿ ಬರ್ತಿದ್ದೆ ಅನ್ನೋದು, ಅವರು ಸೂಟ್‌ಕೇಸಿಗೆ ಸೀರೆ ಮಡಚಿಡೋದನ್ನ ನೋಡುವಾಗ ಸರಿಯಾಗಿ ತಲೆಗೆ ಹೋಯ್ತು.

ಮಗನಿಗೆ ಹತ್ತೂವರೆ, ಐದನೇ ಕ್ಲಾಸು. ಮಗಳಿಗೆ ಏಳು, ಎರಡನೇ ಕ್ಲಾಸು. ಸ್ಕೂಲ್ ಆಟೋ ಇಬ್ಬರನ್ನೂ ನಾಲ್ಕೂ ಇಪ್ಪತ್ತಕ್ಕೆ ಮನೆ ಮುಂದೆ ಇಳಿಸುತ್ತೆ. ನಾನು ಚನ್ನರಾಯಪಟ್ಟಣದಲ್ಲಿ ಒಂದು ಸೊಸೈಟಿಯಲ್ಲಿ ಕ್ಯಾಷಿಯರ್. ಐದೂಕಾಲಿಗೆ ಕ್ಯಾಷ್ ಟ್ಯಾಲಿ ಆದರೆ ಐದೂವರೆ ಬಸ್ಸು ಸಿಗುತ್ತೆ, ಆರೂಮುಕ್ಕಾಲಿಗೆ ಮನೆ. ಹತ್ತು ರೂಪಾಯಿ ವ್ಯತ್ಯಾಸ ಬಂತೋ, ಏಳೂವರೆ. ಯಜಮಾನರು ಬೆಂಗಳೂರಲ್ಲಿ, ಶನಿವಾರ ರಾತ್ರಿ ಬಂದು ಸೋಮವಾರ ಬೆಳಗಿನ ಜಾವ ಎದ್ದು ಹೊರಡ್ತಾರೆ.

ಕೆಳಗಡೆ ನಾವು, ಮೇಲೆ ಓನರ್. ಅವರೂ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋರು. ಎದುರುಮನೆಯಲ್ಲಿ ಅಜ್ಜಿ ಇದ್ದಾರೆ, ಎಪ್ಪತ್ತೆಂಟು ವರ್ಷ. ಕಿವಿ ಮಂದ, ಕಣ್ಣು ಸಿಸಿಟಿವಿ. ಸಂಪು ಗೇಟಿನ ಪಕ್ಕದಲ್ಲೇ ಇದೆ. ಅಡುಗೆಮನೆಯಲ್ಲಿ ಗ್ಯಾಸ್ ಒಲೆ, ಬಚ್ಚಲಲ್ಲಿ ಗ್ಯಾಸ್ ಗೀಸರು.

ಮಗ ಜವಾಬ್ದಾರಿಯವನು, ಅಂಗಡಿಗೆ ಕಳಿಸಿದರೆ ಚಿಲ್ಲರೆ ಎಣಿಸಿ ತರ್ತಾನೆ. ಮಗಳು... ಹೇಗೆ ಹೇಳಲಿ. ಹೋದ ತಿಂಗಳು ಬೀರುವಿನೊಳಗೆ ಕೂತು ಬಾಗಿಲು ಎಳ್ಕೊಂಡು, ನಾವು ಹುಡುಕ್ತೀವಿ ಅಂತ ಕಾಯ್ತಾ ಇದ್ದಳು. ಕಣ್ಣಾಮುಚ್ಚಾಲೆ ಶುರುವಾಗಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಟ್ಯೂಷನ್‌ಗೆ ಹಾಕು ಅಂತಾರೆ. ಬೆಳಗ್ಗೆಯಿಂದ ಬೆಂಚಿನ ಮೇಲೆ ಕೂತು ಬಂದ ಮಕ್ಕಳನ್ನ ಮತ್ತೆ ಎರಡೂವರೆ ಗಂಟೆ ಕೂರಿಸೋಕೆ ನನಗೇ ಮನಸ್ಸಿಲ್ಲ. ಆಫೀಸಿಗೆ ಕರ್ಕೊಂಡು ಹೋಗೋ ಮಾತೂ ಇಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, 50 ಜನ ನೌಕರರಿರೋ ಕಡೆ ಮಕ್ಕಳನ್ನ ನೋಡ್ಕೊಳ್ಳೋ ವ್ಯವಸ್ಥೆ ಇರಬೇಕು ಅಂದ್ರು. ನಮ್ಮಲ್ಲಿ ಅಟೆಂಡರ್ ಸೇರಿ ಹನ್ನೊಂದು ಜನ.

ನೀವೆಲ್ಲ ಎಷ್ಟು ವರ್ಷಕ್ಕೆ ಬಿಟ್ಟಿರಿ? ಇದಕ್ಕೆ ಕಾನೂನು ಅಂತ ಏನಾದರೂ ಇದೆಯಾ? ದಯವಿಟ್ಟು ‘ನಮ್ಮ ಕಾಲದಲ್ಲಿ’ ಅಂತ ಮಾತ್ರ ಶುರು ಮಾಡಬೇಡಿ, ಅದನ್ನ ಮನೆಯಲ್ಲೇ ಸಾಕಷ್ಟು ಕೇಳಿದ್ದೀನಿ.

ಕೀಲಿಕೈ, ಧಾರವಾಡ

ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ, ನಾ ಅಲ್ಲಿಂದನ ಶುರು ಮಾಡಾಂವ. ನಮ್ಮ ಕಾಲದಾಗ, ಅಂದ್ರ 1986ರಾಗ, ನಾ ನಾಲ್ಕನೇ ಇಯತ್ತೆ. ಅಪ್ಪ ರೈಲ್ವೆದಾಗ, ಅವ್ವ ಸಾಲಿ ಟೀಚರು. ಕೊರಳಾಗ ಕರಿ ದಾರ, ದಾರದಾಗ ಮನಿ ಕೀಲಿ. ‘ನಾ ಒಬ್ಬನ ಮನ್ಯಾಗ ಇರತಿದ್ದೆ’ ಅಂತ ಭಾಳ ವರ್ಷ ಹೆಮ್ಮಿಂದ ಹೇಳಕೋತ ಬಂದೀನಿ.

ಈಗ ಕುಂತು ಯೋಚನಿ ಮಾಡಿದ್ರ, ಒಬ್ಬನ ಎಲ್ಲಿದ್ದೆ? ಚಾಳದಾಗ ಎಂಟು ಮನಿ. ಎಂಟೂ ಬಾಗಲಾ ತಗದಿರತಿದ್ವು. ನಾ ಒಂದ ಸಲ ಕೆಮ್ಮಿದ್ರ ಮೂರನೇ ಮನಿ ಕಾಕು ‘ಯಾಕೋ, ಥಂಡಿ ಹತ್ತೇತೇನು’ ಅಂತಿದ್ಲು. ಹಂಗಾಗಿ ನಮ್ಮ ಕಾಲದ ಲೆಕ್ಕ ನಿಮ್ಮ ಮನಿಗೆ ಹೊಂದೂದಿಲ್ಲ, ನೀವು ಹೇಳಿದ್ದು ಖರೇನ ಐತಿ.

ಇನ್ನೊಂದು ಮಾತು, ಇದನ್ನ ನಮ್ಮವ್ವಗೂ ಹೇಳಿಲ್ಲ. ಒಂದಿನ ಚಾ ಮಾಡಾಕ ಹೋಗಿ ಪಂಪ್ ಸ್ಟೋವ್ ಹಚ್ಚಿದೆ. ಭಗ್ ಅಂತ ಉರಿ ಎದ್ದು ಎಡಗೈ ಸುಟ್ಟಿತು. ಯಾರನ್ನೂ ಕರೀಲಿಲ್ಲ. ನೀರಾಗ ಕೈ ಇಟಗೊಂಡು ಕುಂತೆ, ಆಮ್ಯಾಲೆ ನಾಕು ದಿನ ತುಂಬುತೋಳಿನ ಅಂಗಿ ಹಾಕ್ಕೊಂಡೆ. ಗೊತ್ತಾದ್ರ ಕೀಲಿ ಕಸಗೋತಾರ ಅನ್ನೂದ ಒಂದ ಅಂಜಿಕಿ. ಎಂಟು ಮನಿ ಇದ್ದರೂ ಹಿಂಗಾತು.

ಅತ್ತಿಯವರು ಇನ್ನೂ ಊರಾಗ ಇದ್ದಾಗನ ಒಂದ ತಾಸು ಬಿಟ್ಟು ನೋಡ್ರಿ. ನೀವು ಸನೇದಾಗ ಎಲ್ಲರ ಅಡಗಿ ಕುಂದರ್ರಿ.

ನಿವೃತ್ತ ಶಿರಸ್ತೇದಾರ್, ಮೈಸೂರು

ಕಾನೂನು ಕೇಳಿದ್ದೀರಿ, ಅಷ್ಟಕ್ಕೆ ಮಾತ್ರ ಉತ್ತರ. ಇಂತಿಷ್ಟು ವಯಸ್ಸಿನವರೆಗೆ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಬಾರದು ಎಂಬ ಕಾಯ್ದೆ ನಮ್ಮ ದೇಶದಲ್ಲಿಲ್ಲ. ‘ಹನ್ನೆರಡಕ್ಕೆ ಮುಂಚೆ ಬಿಟ್ಟರೆ ಜೈಲು’ ಎಂದು ಆಗಾಗ ವಾಟ್ಸಾಪ್‌ನಲ್ಲಿ ಬರುತ್ತದೆ. ಅದು ಹಳೆಯ ಐಪಿಸಿಯ 317ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 93. ಹನ್ನೆರಡು ವರ್ಷದೊಳಗಿನ ಮಗುವನ್ನು ಪೂರ್ತಿಯಾಗಿ ತೊರೆದುಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋಗುವ ತಂದೆತಾಯಿಗೆ ಅದು ಅನ್ವಯ. ಸಂಜೆಯ ಬಸ್ಸಿಗೆ ವಾಪಸು ಬರುವವರಿಗಲ್ಲ.

ಹಾಗೆಂದು ಕೈಬೀಸಿಕೊಂಡು ಹೋಗಬಹುದು ಎಂದಲ್ಲ. ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಪ್ರಕಾರ, ಮಗುವಿನ ಹೊಣೆ ಹೊತ್ತವರು ಅದಕ್ಕೆ ಅನಗತ್ಯ ನೋವು ಸಂಕಟ ಆಗುವಂತೆ ಬೇಕೆಂದೇ ನಿರ್ಲಕ್ಷಿಸಿದರೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ದಂಡ, ಅಥವಾ ಎರಡೂ. ಅಲ್ಲಿಯೂ ನಿಮ್ಮಂಥವರ ವಿಷಯದಲ್ಲಿ ವಯಸ್ಸಿನ ಅಂಕಿ ಇಲ್ಲ, ನಡವಳಿಕೆ ಇದೆ.

ಮಗನಿಗೆ 112 ಮತ್ತು 1098 ಎರಡನ್ನೂ ಬಾಯಿಪಾಠ ಮಾಡಿಸಿ. ಮೊದಲನೆಯದು ತುರ್ತಿಗೆ, ಎರಡನೆಯದು ಮಕ್ಕಳ ಸಹಾಯವಾಣಿ.

ಬಾಲ್ಟಿಮೋರ್ ಬಸವ

ನಾನಿರೋ ಮೇರಿಲ್ಯಾಂಡ್ ರಾಜ್ಯದಲ್ಲಿ ಅಂಕಿ ಇದೆ. ಎಂಟು ವರ್ಷದೊಳಗಿನ ಮಗುವನ್ನ ಮನೆಯಲ್ಲಾಗಲಿ ಕಾರಲ್ಲಾಗಲಿ ಒಂಟಿಯಾಗಿ ಬಿಡೋ ಹಾಗಿಲ್ಲ, ಜೊತೆಗೆ ನಂಬಿಕಸ್ಥರು ಇರಬೇಕು, ಅವರಿಗೆ ಕನಿಷ್ಠ ಹದಿಮೂರು ಆಗಿರಬೇಕು. ಬೇರೆ ಎಷ್ಟೋ ರಾಜ್ಯಗಳಲ್ಲಿ ಅಂಕಿಯೇ ಇಲ್ಲ. ಇಂಗ್ಲೆಂಡಲ್ಲೂ ಕಾನೂನಿನಲ್ಲಿ ವಯಸ್ಸು ಬರೆದಿಲ್ಲ.

ಇಲ್ಲಿಗೆ ಬಂದ ಹೊಸದರಲ್ಲಿ ಇದೆಲ್ಲ ಅತಿಯಾಯ್ತು ಅನ್ನಿಸ್ತಿತ್ತು. ಕಾರಲ್ಲಿ ಮಲಗಿದ್ದ ಮಗಳನ್ನ ಎಬ್ಬಿಸಿ, ಅವಳು ಕಿರುಚಾಡ್ತಾ ಇರುವಾಗ ಎತ್ಕೊಂಡು ಹೋಗಿ ಒಂದು ಕ್ಯಾನ್ ಹಾಲು ತರೋದು ನೆನೆಸ್ಕೊಳ್ಳಿ. ಆದರೆ ಆ ಕಾನೂನಲ್ಲಿ ಎರಡು ಅಂಕಿ ಇರೋದನ್ನ ಗಮನಿಸಿ. ತಾನೊಬ್ಬನೇ ಇರೋಕೆ ಒಂದು ವಯಸ್ಸು, ಇನ್ನೊಂದು ಮಗುವನ್ನ ನೋಡ್ಕೊಳ್ಳೋಕೆ ಅದಕ್ಕಿಂತ ಐದು ವರ್ಷ ಜಾಸ್ತಿ. ನೀವು ಇಬ್ಬರ ವಯಸ್ಸು ಬರೆದು ಒಂದೇ ಪ್ರಶ್ನೆ ಕೇಳಿದ್ದೀರಿ ಅಕ್ಕ. ನನಗೆ ಎರಡು ಪ್ರಶ್ನೆ ಕಾಣಿಸ್ತಿದೆ. ನಿಮ್ಮ ಮಗ ಒಬ್ಬನೇ ಇರಬಲ್ಲನಾ? ಬಹುಶಃ ಹೌದು. ಬೀರು ಒಳಗೆ ಕೂರೋ ತಂಗಿಗೆ ಅವನು ಅಜ್ಜಿ ಆಗಬಲ್ಲನಾ?

ಗ್ಯಾಸ್ ಸರ್ವಿಸ್, ತುಮಕೂರು

ವಯಸ್ಸಿನ ಚರ್ಚೆ ನೀವು ಮಾಡ್ಕೊಳಿ, ನಾನು ಗೀಸರ್ ವಿಷಯ ಹೇಳ್ತೀನಿ. ಇಪ್ಪತ್ತು ವರ್ಷದಿಂದ ಒಲೆ, ಗೀಸರ್ ರಿಪೇರಿ ನಂದು.

ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದು, ಕಿಟಕಿ ಮುಚ್ಚಿದ್ರೆ, ಗಾಳಿ ಸಾಲದೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಒಳಗಿರೋರಿಗೆ ತಲೆ ತಿರುಗುತ್ತೆ, ನಿದ್ದೆ ಬಂದ ಹಾಗಾಗುತ್ತೆ, ಅಷ್ಟೇ. ಮಕ್ಕಳೇ ಇರುವಾಗ ಸ್ನಾನ ಬೇಡವೇ ಬೇಡ. ಗೀಸರ್ ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ ಹೋಗಿ. ಸಾಧ್ಯವಾದ್ರೆ ಗೀಸರನ್ನೇ ಹೊರಗಡೆ ಗೋಡೆಗೆ ಹಾಕಿಸಿ.

ಒಲೆ ಗ್ಯಾಸಿಗಾದ್ರೆ ವಾಸನೆ ಬೆರೆಸಿರ್ತಾರೆ. ಅದು ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತೆ. ವಾಸನೆ ಬಂದ್ರೆ ಸ್ವಿಚ್ ಮುಟ್ಟಬಾರದು, ಲೈಟೂ ಬೇಡ ಫ್ಯಾನೂ ಬೇಡ. ಬಾಗಿಲು ತೆಗೆದು ಹೊರಗೆ ಬರೋದು, ಹೊರಗೆ ಬಂದಮೇಲೆ 1906ಕ್ಕೆ ಫೋನು. ಮಕ್ಕಳಿಗೆ ‘ಫ್ಯಾನ್ ಹಾಕಿದ್ರೆ ವಾಸನೆ ಹೋಗುತ್ತೆ’ ಅಂತ ಗೊತ್ತಿರುತ್ತೆ ನೋಡಿ, ಅದೇ ಪ್ರಾಣಕ್ಕೆ ಬರೋದು.

ಸಂಪಿಗೆ ಬೀಗ ಹಾಕಿಸಿ. ಅದು ನನ್ನ ಕೆಲಸ ಅಲ್ಲ, ಆದ್ರೂ ಹೇಳ್ತಿದೀನಿ.

ತೋಟದ ಮನೆ, ಸಾಗರ

ನಮ್ಮೂರಲ್ಲಿ ಪಂಚಾಯಿತಿ ಲೈಬ್ರರಿ ಇದೆ, ಈಗ ಅರಿವು ಕೇಂದ್ರ ಅಂತಾರೆ. ಶಾಲೆ ಬಿಟ್ಟ ಮಕ್ಕಳು ಅಲ್ಲೇ ಚದುರಂಗ ಆಡ್ತಾ, ಬಣ್ಣದ ಪುಸ್ತಕ ತಿರುವ್ತಾ ಇರ್ತವೆ. ಹಾಸನದಂಥ ಊರಲ್ಲಿ ಅದಕ್ಕೆ ಸಮನಾದ್ದು ಯಾಕಿಲ್ಲವೋ! ನಿಮ್ಮ ಮಗಳ ಕ್ಲಾಸಿನವರ ಮನೆ ಯಾವುದಾದರೂ ಹತ್ತಿರ ಇದ್ದರೆ ಕೇಳಿ ನೋಡಿ. ಕೇಳೋಕೆ ನಾಚಿಕೆ ಪಡಬೇಡಿ. ಪುಕ್ಕಟೆ ಅಂತ ಕೇಳೋದಕ್ಕೆ ನಾಚಿಕೆ ಆದರೆ ದುಡ್ಡು ಕೊಡ್ತೀನಿ ಅನ್ನಿ.

ಇಬ್ಬರಮ್ಮ, ಹಾಸನ (ಒಂಬತ್ತು ದಿನದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಧಾರವಾಡದ ಅಣ್ಣ ಹೇಳಿದ ಹಾಗೇ ಮಾಡಿದೆ. ಎರಡನೇ ಶನಿವಾರ ಅತ್ತೆಯನ್ನ ದೇವಸ್ಥಾನಕ್ಕೆ ಕಳಿಸಿ, ‘ನನಗೆ ಮಾರ್ಕೆಟ್ ಕೆಲಸ ಇದೆ, ಒಂದು ಗಂಟೆ’ ಅಂತ ಮಕ್ಕಳಿಗೆ ಹೇಳಿ ಹೊರಟೆ. ಎರಡೂ ಕಡೆ ನೋಡಿ ಎದುರುಮನೆ ಸೇರ್ಕೊಂಡೆ. ಅಜ್ಜಿಯ ಮೆಶ್ ಬಾಗಿಲ ಹಿಂದೆ ಕೂತರೆ ನಮ್ಮ ಮನೆ ಕಿಟಕಿ ಪೂರ್ತಿ ಕಾಣುತ್ತೆ. ಅಜ್ಜಿ ಹೂಬತ್ತಿ ಹೊಸೀತಾ ‘ಯಾಕಮ್ಮ, ಮನೆಯಲ್ಲಿ ಜಗಳವಾ’ ಅಂದರು.

ಮಗನಿಗೆ ನನ್ನ ನಂಬರು, ಅವರಪ್ಪನ ನಂಬರು, 112, 1098, 1906, ಎಲ್ಲಾ ಬಾಯಿಗೆ ಬರುತ್ತೆ. ಕೀಪ್ಯಾಡ್ ಫೋನ್ ಟಿವಿ ಸ್ಟ್ಯಾಂಡ್ ಮೇಲಿತ್ತು. ಯಾರು ಬೆಲ್ ಮಾಡಿದರೂ ಮೆಶ್ ತೆಗೆಯಬಾರದು ಅನ್ನೋದನ್ನ ಅವನೇ ನನಗೆ ವಾಪಸ್ ಪಾಠ ಒಪ್ಪಿಸಿದ್ದ. ಇಪ್ಪತ್ತೈದು ನಿಮಿಷ ಏನೂ ಇಲ್ಲ. ಒಗ್ಗರಣೆ ಮಂಡಕ್ಕಿ ತಿಂದರು, ಟಿವಿ ಹಾಕಿದರು. ನನಗೇ ಬೇಜಾರಾಗಿ ಅಜ್ಜಿ ಜೊತೆ ಬತ್ತಿ ಹೊಸೆಯೋಕೆ ಕೂತೆ.

ಆಮೇಲೆ ದಬದಬ ಸದ್ದು. ನಿಂತಿತು. ಮತ್ತೆ ದಬದಬ. ಎದ್ದು ಓಡಬೇಕು ಅನ್ನಿಸ್ತು, ಆದರೆ ನೋಡಲೇಬೇಕಾದದ್ದು ಇದನ್ನೇ ಅಲ್ವಾ ಅಂತ ಮೊಬೈಲ್ ಕೈಯಲ್ಲಿ ಹಿಡ್ಕೊಂಡು ಕೂತೆ. ಫೋನ್ ಬರಲಿಲ್ಲ. ಹನ್ನೆರಡು ನಿಮಿಷ ತಡೆದೆ. ಅದಕ್ಕಿಂತ ಜಾಸ್ತಿ ಆಗಲಿಲ್ಲ.

ಒಳಗೆ ಹೋದರೆ, ಮಗಳು ಬಚ್ಚಲಲ್ಲಿ. ಮಳೆಗೆ ಬಾಗಿಲು ಉಬ್ಬಿ ಚಿಲಕ ಸಿಕ್ಕಿಹಾಕ್ಕೊಂಡಿದೆ. ಮಗ ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಅವಳು ಅಳದೇ ಇರಲಿ ಅಂತ ಜೋರಾಗಿ ಮಗ್ಗಿ ಹೇಳ್ತಾ ಇದ್ದಾನೆ. ಪಕ್ಕದಲ್ಲಿ ಬಗ್ಗಿಹೋದ ಸ್ಟೀಲ್ ಸ್ಕೇಲು. ಸಂದಿಯಲ್ಲಿ ತೂರಿಸಿ ಮೀಟೋಕೆ ನೋಡಿದ್ದಾನೆ. ಅಂಗಿಯೆಲ್ಲ ಬೆವರು. ಫೋನು ಟಿವಿ ಸ್ಟ್ಯಾಂಡ್ ಮೇಲೇ ಇದೆ, ಹತ್ತು ಹೆಜ್ಜೆ ದೂರದಲ್ಲಿ.

‘ಯಾಕೋ ಫೋನ್ ಮಾಡಲಿಲ್ಲ?’ ಅಂದೆ.

‘ಮಾಡಿದ್ರೆ ಫೇಲ್ ಅಲ್ವಾ?’ ಅಂದ.

ಮಾರ್ಕೆಟ್ಟಿನ ಸುಳ್ಳು ಅವನು ನಂಬಿಯೇ ಇರಲಿಲ್ಲ, ಪರೀಕ್ಷೆ ಅಂತ ಗೊತ್ತಿತ್ತು. ನಾನು ಕೂಡ ಒಂದು ವಾರದಿಂದ ‘ನೀನು ದೊಡ್ಡವನು, ಎಲ್ಲಾ ಮ್ಯಾನೇಜ್ ಮಾಡಬೇಕು’ ಅಂತಲೇ ಹೇಳ್ತಾ ಬಂದಿದ್ದೆ. ತುಂಬುತೋಳಿನ ಅಂಗಿ ಕಥೆ ಓದಿದಾಗ ಸ್ಟೋವ್ ಬಗ್ಗೆ ಹೆದರಿದ್ದೆನೇ ಹೊರತು, ಅಂಗಿ ಬಗ್ಗೆ ಯೋಚನೆ ಮಾಡಿರಲಿಲ್ಲ.

ಈಗ ಮಾಡಿರೋ ವ್ಯವಸ್ಥೆ ಹೀಗಿದೆ. ಮಗಳು ಸಂಜೆ ಎರಡು ಬೀದಿ ಆಚೆ ಅವಳ ಕ್ಲಾಸ್‌ಮೇಟ್ ಮನೆಯಲ್ಲಿ. ಆ ಹುಡುಗಿಯ ಅಮ್ಮ ಬ್ಲೌಸ್ ಹೊಲೀತಾರೆ, ಮನೆಯಲ್ಲೇ ಇರ್ತಾರೆ. ತಿಂಗಳಿಗೆ ಎರಡು ಸಾವಿರ ಅಂದೆ, ‘ಒಂದೂವರೆ ಸಾಕು, ನಿಮ್ಮೋಳು ಬಂದ್ರೆ ನಮ್ಮೋಳು ನನ್ನ ತಲೆ ತಿನ್ನಲ್ಲ’ ಅಂದರು. ಮಗ ಮನೆಯಲ್ಲಿ ಒಬ್ಬನೇ. ಬರೀ ಅವನ ಹೊಣೆ ಅವನಿಗೆ. ಅವನಿಗೂ ಹಗುರಾಯ್ತು ಅಂತ ಕಾಣುತ್ತೆ, ಬಾಯಿಬಿಟ್ಟು ಹೇಳಲ್ಲ. ಸಂಪಿಗೆ ಬೀಗ ಬಿತ್ತು. ರೆಗ್ಯುಲೇಟರ್ ಎರಡೂ ಬೆಳಗ್ಗೆಯೇ ಆಫ್. ಗೀಸರ್ ಹೊರಗೆ ಹಾಕಿಸೋಕೆ ಓನರ್ ‘ನೋಡೋಣ’ ಅಂದಿದ್ದಾರೆ, ಅಂದರೆ ಇನ್ನಾರು ತಿಂಗಳು. ಬಚ್ಚಲ ಚಿಲಕ ಬಿಚ್ಚಿಸಿದ್ದೀನಿ, ಒಳಗಿರೋರು ಹಾಡು ಹೇಳ್ತಾ ಇರಬೇಕು. ಅತ್ತೆ ಊರಿಗೆ ಹೊರಡೋವರೆಗೂ ದಿನಾ ಬೆಳಗ್ಗೆ ದೇವರನಾಮ ಕೇಳಿಸ್ತಿತ್ತು.

‘ಅರ್ಜೆಂಟ್ ಇದ್ದರೆ ಫೋನ್ ಮಾಡು’ ಅನ್ನೋದನ್ನ ತೆಗೆದುಹಾಕಿದೆ. ಐದು ಗಂಟೆಗೆ ದಿನಾ ಒಂದು ಫೋನ್ ಮಾಡಬೇಕು, ಏನಾದರೂ ಎಡವಟ್ಟಾಗಿದ್ದರೆ ಅದನ್ನೇ ಮೊದಲು ಹೇಳಬೇಕು, ಬೈಯಲ್ಲ. ಮೊದಲ ದಿನ ಫೋನ್ ಬಂದಾಗ ಐನೂರರ ಕಟ್ಟು ಎಣಿಸ್ತಾ ಇದ್ದೆ. ‘ಅಮ್ಮ, ಏನೂ ಎಡವಟ್ಟಾಗಿಲ್ಲ. ಈಗ ಏನು ಹೇಳಲಿ?’ ಅಂದ. ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಎಣಿಸಿದೆ.

ಕೀಲಿಕೈ, ಧಾರವಾಡ

ಅದೆಲ್ಲಾ ಇರಲಿ ಅಕ್ಕಾರ, ಆ ಬಚ್ಚಲ ಬಾಗಲಾ ಹೆಂಗ ತಗದ್ರಿ? ಅದನ್ನ ಹೇಳಲೇ ಇಲ್ಲಲ್ಲ!

ಇಬ್ಬರಮ್ಮ, ಹಾಸನ

ನಾನು ಹೊರಗಿಂದ ಹಿಡಿ ಹಿಡ್ಕೊಂಡು ಬಾಗಿಲನ್ನ ಮೇಲಕ್ಕೆ ಎತ್ತಿದೆ, ‘ಈಗ ಎಳಿ’ ಅಂದೆ, ಅವಳೇ ಒಳಗಿಂದ ಚಿಲಕ ಎಳೆದಳು. ಆಚೆ ಬಂದವಳು ಅಳಲೂ ಇಲ್ಲ, ಏನೂ ಇಲ್ಲ. ‘ಅಮ್ಮ, ಅಣ್ಣ ಎಂಟರ ಮಗ್ಗಿಯಲ್ಲಿ ಎರಡು ಸಲ ತಪ್ಪಿದ’ ಅಂದಳು.