ಸಹಾಯ ಬೇಕು: ವಾಕಿಂಗ್ ಸರಿಹೋಯಿತು, ಮುದ್ದೆ ಎಷ್ಟು?

ಎಲ್ಲರಿಗೂ ನಮಸ್ಕಾರ. ನಮ್ಮೂರು ಬೆಂಗಳೂರಿನ ಅಂಚಿನಲ್ಲಿ, ಹೆಸರಘಟ್ಟದ ಕಡೆ. ಸ್ತ್ರೀಶಕ್ತಿ ಸಂಘದ ಹೆಂಗಸರೆಲ್ಲ ಸೇರಿ ವಾಕಿಂಗ್ ಶುರು ಮಾಡಿದ್ದೇವೆ. ಬೆಳಿಗ್ಗೆ ಆಗಲ್ಲ, ಹಾಲು ಕರೆದು ಡೇರಿಗೆ ಹಾಕಬೇಕು. ಮೇನ್ ರೋಡಿನಲ್ಲಿ ಟಿಪ್ಪರ್ ಕಾಟ. ಹಾಗಾಗಿ ಸಂಜೆ ಶಾಲೆ ಮೈದಾನದಲ್ಲಿ ಅರ್ಧ ಗಂಟೆ, ವಾರಕ್ಕೆ 5 ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷ ಅಲ್ಲಿಗೆ ಆಯಿತು. "ಹೊಲದಲ್ಲಿ ದುಡಿಯೋರಿಗೆ ವಾಕಿಂಗ್ ಯಾಕೆ" ಅಂತ ನಗುವವರಿದ್ದಾರೆ. ಹೊಲ ಎಲ್ಲಿ ಉಳಿದಿದೆ, ಎಲ್ಲ ಲೇಔಟ್ ಆಗಿದೆ!

ತೊಡಕು ಊಟದ್ದು. ನಮ್ಮಲ್ಲಿ ಕೆಲವರಿಗೆ ಶುಗರ್ ಇದೆ, ಮಾತ್ರೆ ತಗೊಳ್ಳುತ್ತಾರೆ. ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ ಉಣ್ಣುತ್ತಾರೆ. ರಾಗಿಯಲ್ಲಿ ಕ್ಯಾಲ್ಸಿಯಂ, ನಾರು ಇದೆ, ನಿಜ. ಆದರೆ ಅದರಲ್ಲೂ ಪಿಷ್ಟವೇ ಜಾಸ್ತಿ ಅಲ್ವಾ? ಸೊಪ್ಪು, ಹುರುಳಿಕಾಳು ಹೆಚ್ಚು ಮಾಡಿ ನೋಡಿದೆವು, ಮುದ್ದೆ ಮಾತ್ರ ಚಿಕ್ಕದಾಗಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ "ಕಮ್ಮಿ ತಿನ್ನಿ" ಅಂದರು. ಎಷ್ಟು ಕಮ್ಮಿ? ಆಸ್ಪತ್ರೆಯ ಚಾರ್ಟ್‌ನಲ್ಲಿ ಚಪಾತಿ, ಓಟ್ಸ್ ಇದೆ, ಮುದ್ದೆ ಸುದ್ದಿಯೇ ಇಲ್ಲ.

ಡಯಟಿಷಿಯನ್‌ಗಳು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಶುಗರ್ ಇರುವವರು ಒಂದು ಹೊತ್ತಿಗೆ ಎಷ್ಟು ದೊಡ್ಡ ಮುದ್ದೆ ಉಣ್ಣಬಹುದು? ಗ್ರಾಂ ಲೆಕ್ಕ ಬೇಡ, ಹಿಡಿ ಇಲ್ಲವೇ ಲೋಟದ ಲೆಕ್ಕದಲ್ಲಿ ತಿಳಿಸಿ.