ಗುಂಪು ಪ್ರಾಜೆಕ್ಟ್ ಅಂದ್ರೆ ಜೆರಾಕ್ಸ್ ಅಂಗಡಿ ಪ್ರಾಜೆಕ್ಟ್ ಆಗಿದೆ. ಏಳನೇ ಕ್ಲಾಸಿನವರಿಗೆ ಲೈಬ್ರರಿಯಲ್ಲಿ ಹುಡುಕೋದು ಕಲಿಸೋದು ಹೇಗೆ?

ತೆಂಗಿನಸೀಮೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತಿಪಟೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಏಳನೇ ಕ್ಲಾಸಿನಲ್ಲಿ 34 ಮಕ್ಕಳು. ಐದಾರು ಜನರ ಗುಂಪು ಮಾಡಿ "ನಮ್ಮ ಜಿಲ್ಲೆ" ಅಂತ ಪ್ರಾಜೆಕ್ಟ್ ಕೊಟ್ಟೆ. ಲೈಬ್ರರಿ ಪುಸ್ತಕ ನೋಡಿಯೇ ಬರೀಬೇಕು ಅಂತ ಒತ್ತಿ ಹೇಳಿದ್ದೆ.

ಬಂದದ್ದು ಪೇಟೆ ಜೆರಾಕ್ಸ್ ಅಂಗಡಿಯ ಕಲರ್ ಪ್ರಿಂಟು. ಎರಡು ಗುಂಪಿನದು ಒಂದೇ ಪ್ರಿಂಟ್, ಕಾಗುಣಿತದ ತಪ್ಪೂ ಸೇರಿ. ಇನ್ನೊಂದು ಗುಂಪಿನಲ್ಲಿ ಒಬ್ಬಳು ಹುಡುಗಿ ಅಷ್ಟನ್ನೂ ಬರೆದಿದ್ದಾಳೆ, ಒಬ್ಬ ರಟ್ಟಿಗೆ ಮಿಂಚಿನ ಪುಡಿ ಹಚ್ಚಿದ್ದಾನೆ. ಉಳಿದವರನ್ನು ಕೇಳಿದರೆ "ನಾವೂ ಗುಂಪಲ್ಲಿದ್ವಿ ಸಾರ್" ಅಂತಾರೆ. ಅಪ್ಪ ಅಮ್ಮಂದಿರ ದುಡ್ಡು ಖರ್ಚಾಯಿತು, ಅಷ್ಟೆ.

ನಮ್ಮ ಲೈಬ್ರರಿ ಅಂದರೆ ಎಚ್.ಎಂ. ರೂಮಿನಲ್ಲಿರುವ ಒಂದು ಕಬ್ಬಿಣದ ಬೀರು. ಬೇರೆ ಬೇರೆ ವರ್ಷ ಬಂದ ಪುಸ್ತಕಗಳು, ಜೊತೆಗೆ ಯಾರೋ ದಾನ ಕೊಟ್ಟ ಹಳೆಯವು. ರಸ್ತೆ ಆಚೆಗೆ ಪಂಚಾಯಿತಿ ಲೈಬ್ರರಿ ಇದೆ. ಇಷ್ಟರಲ್ಲೇ ಮಕ್ಕಳು ನಿಜವಾಗಿ ಹುಡುಕುವ ಹಾಗೆ, ಅದೂ ಗುಂಪಿನಲ್ಲಿ ಎಲ್ಲರೂ ಕೆಲಸ ಮಾಡುವ ಹಾಗೆ ಹೇಗೆ ಮಾಡೋದು? ಮಾಡಿ ನೋಡಿದವರು ದಯವಿಟ್ಟು ಹೇಳಿ. ಪುಸ್ತಕದ ಬದನೆಕಾಯಿ ಬೇಡ, ತರಬೇತಿಯಲ್ಲಿ ಬೇಕಾದಷ್ಟು ಕೇಳಿದ್ದೇನೆ.

ಬೆಂಗ್ಳೂರ್ ಅಪ್ಪ

ಸರ್, ಬೇಜಾರು ಮಾಡ್ಕೋಬೇಡಿ. ಫೋನಿನಲ್ಲಿ ಎಲ್ಲವೂ ಸಿಗುವಾಗ ಹನ್ನೆರಡು ವರ್ಷದ ಮಕ್ಕಳನ್ನು ಬೀರು ಮುಂದೆ ಯಾಕೆ ಕೂರಿಸಬೇಕು? ಸುಮ್ನೆ ಸರಿಯಾಗಿ ಸರ್ಚ್ ಮಾಡೋದು ಕಲಿಸಿದರೆ ಸಾಲದಾ?

ಬೀರು ಬೀಗದಕೈ

ಮೇಷ್ಟ್ರೇ, ಹರಿಹರದ ಕಡೆ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್ ನಾನು. ನಮ್ಮಲ್ಲಿ ಲೈಬ್ರರಿಯನ್ ಪೋಸ್ಟ್ ಇಲ್ಲ. ಹಾಗಾಗಿ ಲೈಬ್ರರಿ ಚಾರ್ಜು ಕನ್ನಡದವರ ಕೊರಳಿಗೆ. ಬೀಗದಕೈ ನನ್ನ ಬ್ಯಾಗಿನಲ್ಲೇ ಇದ್ದು ವರ್ಷಗಳಾದವು.

ನೀವು "ನಮ್ಮ ಜಿಲ್ಲೆ" ಅಂತ ಕೊಟ್ಟಿದ್ದೇ ಜೆರಾಕ್ಸ್ ಅಂಗಡಿಗೆ ದಾರಿ. ಅದು ಪ್ರಶ್ನೆ ಅಲ್ಲ, ತಲೆಬರಹ. ತಲೆಬರಹ ಕೊಟ್ಟರೆ ಮಕ್ಕಳು ಪುಟ ಹಂಚಿಕೊಳ್ಳುತ್ತಾರೆ: ನೀನು ನದಿ ಬರಿ, ನಾನು ಚಿತ್ರ ಅಂಟಿಸ್ತೀನಿ. ನಾನು ಪುಟ ಹಂಚೋಕೆ ಬಿಡಲ್ಲ, ಪುಸ್ತಕ ಹಂಚುತ್ತೇನೆ. ಇಡೀ ಗುಂಪಿಗೆ ಒಂದೇ ಪುಟ್ಟ ಪ್ರಶ್ನೆ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬೇರೆ ಪುಸ್ತಕ. ಒಬ್ಬ ಕೈಕಟ್ಟಿ ಕೂತರೆ ಅವನ ಪುಸ್ತಕದಲ್ಲಿ ಇರೋದು ಗುಂಪಿಗೆ ಸಿಗಲ್ಲ. ಮಿಕ್ಕವರೇ ಅವನನ್ನು ಬಿಡಲ್ಲ.

ನನ್ನ ಮೆಚ್ಚಿನ ಪ್ರಶ್ನೆ ಇದು: ಕರ್ನಾಟಕದಲ್ಲಿ ಎಷ್ಟು ಜಿಲ್ಲೆ ಇವೆ? ಎಂಥಾ ಪೆದ್ದು ಪ್ರಶ್ನೆ ಅನ್ನಿಸುತ್ತೆ ಅಲ್ವಾ? ನಿಮ್ಮ ಬೀರುವಿನಲ್ಲಿ ಹಳೇ ಪುಸ್ತಕ ಇದ್ದರೆ ಅದೇ ಬಂಗಾರ. ಎಸೆಯಬೇಡಿ. ಎಂಟನೇ ಕ್ಲಾಸಿನ ಒಂದು ಗುಂಪಿಗೆ ಹಳೆಯದು ಹೊಸದು ಸೇರಿಸಿ ಐದು ಪುಸ್ತಕ ಕೊಟ್ಟೆ. ಐದು ನಿಮಿಷಕ್ಕೆ ಗಲಾಟೆ. ಒಬ್ಬನಿಗೆ 19, ಒಬ್ಬಳಿಗೆ 20, ಇನ್ನೊಬ್ಬನಿಗೆ 27, ಮತ್ತೊಬ್ಬಳಿಗೆ 30. ಹೊಸ ಪುಸ್ತಕ ಹಿಡಿದವನು "31 ಕಣ್ರೋ, ನಿಮ್ಮದೆಲ್ಲ ಸುಳ್ಳು ಪುಸ್ತಕ" ಅಂತ ಎದ್ದು ನಿಂತ. ನಾನು ಉತ್ತರ ಹೇಳಲಿಲ್ಲ. ಹೆಸರಿನ ಪುಟ ಮಗುಚಿ, ಅದರ ಹಿಂದೆ ಏನಿದೆ ನೋಡಿ ಅಂದೆ ಅಷ್ಟೆ. ಮೊದಲ ಮುದ್ರಣ, ಎರಡನೇ ಮುದ್ರಣ, ವರ್ಷ. ಆ ಪುಟವನ್ನು ಯಾವ ಮಗುವೂ ತಾನಾಗಿ ಓದಿರಲ್ಲ. (ದೊಡ್ಡವರೂ ಓದಿರಲ್ಲ, ಆ ಮಾತು ಬೇರೆ.)

ವರ್ಷದ ಪ್ರಕಾರ ಪುಸ್ತಕಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟರು. 19 ಅಂದದ್ದು 1986ಕ್ಕಿಂತ ಹಿಂದಿನದು. ಆ ವರ್ಷ ಬೆಂಗಳೂರು ಗ್ರಾಮಾಂತರ ಆಗಿ 20 ಆಯಿತು. 1997ರಲ್ಲಿ ಒಟ್ಟಿಗೆ ಏಳು ಹೊಸ ಜಿಲ್ಲೆ ಸೇರಿ 27. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ. ಆಮೇಲೆ ಯಾದಗಿರಿ ಬಂದು 30. 2021ರಲ್ಲಿ ವಿಜಯನಗರ, 31. ಯಾವ ಪುಸ್ತಕವೂ ಸುಳ್ಳಲ್ಲ, ಅದು ಅಚ್ಚಾದ ವರ್ಷಕ್ಕೆ ಅದು ಸರಿ. ಇದನ್ನು ನಾನು ಬೋರ್ಡಿನ ಮೇಲೆ ಬರೆದಿದ್ದರೆ ಮರುದಿನಕ್ಕೆ ಮರೀತಿದ್ದರು. ಜಗಳ ಆಡಿ ಕಂಡುಕೊಂಡದ್ದು ನಿಲ್ಲುತ್ತದೆ.

ಬೆಂಗಳೂರಿನ ಅಪ್ಪ ಅವರೇ, ನಿಮ್ಮ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ನಮ್ಮ ನೆರೆಯ ಹರಪನಹಳ್ಳಿಯನ್ನೇ ತಗೊಳ್ಳಿ. ಮೊದಲು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆಗೆ ಬಂತು. 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು. 2021ರಿಂದ ವಿಜಯನಗರ. ಫೋನಿನಲ್ಲಿ ಹುಡುಕಿದರೆ ಈ ಎಲ್ಲ ಕಾಲದ ಪುಟಗಳೂ ಒಟ್ಟಿಗೆ ಕಣ್ಣಿಗೆ ಬೀಳಬಹುದು. ಯಾವುದು ಯಾವಾಗ ಬರೆದದ್ದು ಅಂತ ನೋಡೋ ಅಭ್ಯಾಸ ಇಲ್ಲದ ಮಗು ಮೊದಲು ಕಂಡದ್ದನ್ನು ಬರೆದು ಬರುತ್ತೆ. ಆ ಅಭ್ಯಾಸ ಪುಸ್ತಕದಲ್ಲಿ ಸುಲಭವಾಗಿ ಹತ್ತುತ್ತೆ, ಯಾಕಂದರೆ ವರ್ಷ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು.

ಇನ್ನು ಬರೆಯುವ ವಿಷಯ. ನೋಟ್‌ಬುಕ್ ಕೊಡಬೇಡಿ, ಕೊಟ್ಟರೆ ಪ್ಯಾರಾ ಪ್ಯಾರಾ ಇಳಿಸುತ್ತಾರೆ. ಒಂದು ಹಾಳೆ ನಾಲ್ಕು ತುಂಡು ಮಾಡಿ ಚೀಟಿ ಕೊಡಿ. ಒಂದು ಚೀಟಿಗೆ ಒಂದೇ ಸಂಗತಿ. ಓದಬೇಕು, ಪುಸ್ತಕ ಮುಚ್ಚಬೇಕು, ಆಮೇಲೆ ಬರೀಬೇಕು. ಕೆಳಗೆ ಪುಸ್ತಕದ ಹೆಸರು, ವರ್ಷ, ಪುಟ. ಕೊನೆಗೆ ಗುಂಪಿನವರೆಲ್ಲ ಚೀಟಿಗಳನ್ನು ನೆಲಕ್ಕೆ ಹರಡಿ, ಒಂದೇ ಮಾತು ಹೇಳುವವನ್ನು ಒಂದು ಕಡೆ ಜೋಡಿಸುತ್ತಾರೆ. ಬರಹ ಅಲ್ಲೇ ಅರ್ಧ ಆಗಿರುತ್ತೆ. ಯಾರ ಚೀಟಿ ಎಷ್ಟು ಅಂತಾನೂ ಅಕ್ಷರ ನೋಡಿದರೆ ಗೊತ್ತಾಗುತ್ತೆ.

ಹುಡುಕೋದಕ್ಕೂ ಮುಂಚೆ ಒಂದು ಪಿರಿಯಡ್ ಅಕ್ಷರದ ಸಾಲಿಗೆ ಇಡಿ. ಎ ಬಿ ಸಿ ಡಿ ಸಾಲು ನಮ್ಮ ಮಕ್ಕಳಿಗೆ ನಿದ್ದೆಯಲ್ಲೂ ಬರುತ್ತೆ, ಕನ್ನಡ ನಿಘಂಟು ಕೊಟ್ಟರೆ ಒದ್ದಾಡುತ್ತಾರೆ. ಒಬ್ಬಳು "ಕ್ಷಯ" ಹುಡುಕುತ್ತಾ ಹ, ಳ ದಾಟಿ ಹಿಂದಿನ ರಟ್ಟಿನ ತನಕ ಹೋದಳು. "ಮಿಸ್, ಕ್ಷ ಪುಟ ಹರಿದುಹೋಗಿದೆ" ಅಂದಳು. ಗೋಡೆಯ ಚಾರ್ಟಿನಲ್ಲಿ ಕ್ಷ, ಜ್ಞ ಕೊನೆಗೆ ಇರುತ್ತಲ್ಲ, ಅದರ ಫಲ. ನಿಘಂಟಿನಲ್ಲಿ ಕ್ಷ ಇರೋದು ಕ ಒಳಗೆ, ಕೌ ಮುಗಿದ ಮೇಲೆ ಒತ್ತಕ್ಷರಗಳ ಜೊತೆ. ಜ್ಞ ಹಾಗೇ ಜ ಒಳಗೆ. "ಅಂಕ" ಇರೋದು "ಅಕ್ಕ"ನಿಗಿಂತ ಮುಂಚೆ. ಎರಡು ಗುಂಪಿಗೆ ಎರಡು ನಿಘಂಟು ಕೊಟ್ಟು ಪದ ಕೂಗಿ, ಮೊದಲು ಪುಟ ತೋರಿಸಿದವರಿಗೆ ಚಪ್ಪಾಳೆ. ಆ ಪಿರಿಯಡ್ಡು ಬೆಲ್ ಹೊಡೆದರೂ ಮುಗಿಯಲ್ಲ.

ಪರಿವಿಡಿ ಓದೋದೂ ಕಲಿಸಿ. ನಮ್ಮ ಕನ್ನಡ ಪುಸ್ತಕಗಳಲ್ಲಿ ಹಿಂದೆ ಪದಸೂಚಿ ಇರೋದು ಕಡಿಮೆ. ಇದು ನಮ್ಮ ಪ್ರಕಾಶಕರ ಮೇಲೆ ನನಗಿರುವ ಹಳೇ ಸಿಟ್ಟು. ಹಾಗಾಗಿ ಪರಿವಿಡಿಯೇ ಗತಿ.

ಕಾಲೇಜ್ ರಸ್ತೆ

ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೇಡಂ ಹೇಳಿದ ಪುಸ್ತಕ ಹಂಚುವ ಉಪಾಯಕ್ಕೆ ಹತ್ತಿರದ್ದೇ ಒಂದು ಇದೆ, ಜಿಗ್‌ಸಾ ಅಂತಾರೆ. 1971ರಲ್ಲಿ ಅಮೆರಿಕದ ಟೆಕ್ಸಸ್‌ನ ಆಸ್ಟಿನ್ ಊರಿನ ಶಾಲೆಗಳಲ್ಲಿ ಮನಃಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಶುರು ಮಾಡಿದ್ದು. ಬಿಳಿಯರ, ಕರಿಯರ, ಮೆಕ್ಸಿಕೋ ಮೂಲದವರ ಮಕ್ಕಳನ್ನು ಆಗಷ್ಟೇ ಒಂದೇ ಕ್ಲಾಸಿನಲ್ಲಿ ಕೂರಿಸಿದ್ದರು, ದಿನಾ ಜಗಳ. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಪಕ್ಕದವನ ಮಾತು ಕೇಳದೆ ಪರೀಕ್ಷೆ ಬರೆಯೋಕೆ ಆಗದ ಹಾಗೆ ಮಾಡಿದರು.

ಅದರಲ್ಲಿರುವ ಒಂದು ಹೆಜ್ಜೆಯನ್ನು ನೀವೂ ಸೇರಿಸಿಕೊಳ್ಳಬಹುದು. ಬೇರೆ ಬೇರೆ ಗುಂಪಿನಲ್ಲಿ ಒಂದೇ ತುಂಡು ಸಿಕ್ಕಿದವರೆಲ್ಲ ಮೊದಲು ಒಟ್ಟಿಗೆ ಕೂತು ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ, ಆಮೇಲೆ ತಂತಮ್ಮ ಗುಂಪಿಗೆ ಹೋಗಿ ಹೇಳುತ್ತಾರೆ. ಓದಲು ತಡವರಿಸುವ ಮಗುವಿಗೆ ಇದು ದೊಡ್ಡ ಆಸರೆ. ಅವನ ಪುಸ್ತಕ ಅವನೊಬ್ಬನ ಹೊರೆ ಆಗಲ್ಲ.

ಪಂಚಾಯ್ತಿ ಲೈಬ್ರರಿ

ಸರ್, ನಾನು ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಮೇಲ್ವಿಚಾರಕ, ಬೇರೆ ಜಿಲ್ಲೆ. 34 ಮಕ್ಕಳನ್ನು ಒಂದೇ ಸಲ ಸಾಲು ಹೊಡೆಸಿಕೊಂಡು ಬರಬೇಡಿ, ಕೈಮುಗಿದು ಕೇಳ್ತೀನಿ. ಕುರ್ಚಿ ಸಾಲಲ್ಲ. ಪೇಪರ್ ಓದೋ ಹಿರಿಯರು ಎದ್ದು ಹೋಗ್ತಾರೆ. ಒಂದು ಗುಂಪು ಒಂದು ದಿನ ಬರಲಿ. ಎರಡು ದಿನ ಮುಂಚೆ ಪ್ರಶ್ನೆ ಏನು ಅಂತ ನಮಗೆ ಹೇಳಿ. ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟಿರ್ತೀವಿ.

ಮಕ್ಕಳ ಸದಸ್ಯತ್ವಕ್ಕೆ ದುಡ್ಡಿಲ್ಲ. 2020ರಲ್ಲಿ "ಓದುವ ಬೆಳಕು" ಅನ್ನೋ ಸರ್ಕಾರಿ ಕಾರ್ಯಕ್ರಮ ಶುರುವಾದಾಗಲೇ 6ರಿಂದ 18 ವರ್ಷದವರಿಗೆ ಉಚಿತ ಮಾಡಿದ್ದಾರೆ. ಪುಸ್ತಕ ಮನೆಗೂ ಕೊಡ್ತೀವಿ. ಹಳೇ ಪೇಪರ್ ಕಟ್ಟು ತೂಕಕ್ಕೆ ಹಾಕೋ ಮುಂಚೆ ಒಂದು ಮಾತು ಹೇಳಿ ಅಂತ ನಿಮ್ಮ ಲೈಬ್ರರಿಯವರಿಗೆ ಹೇಳಿಡಿ. ನಿಮ್ಮ ತಾಲ್ಲೂಕಿನ ಸುದ್ದಿ ಪುಸ್ತಕದಲ್ಲಿ ಸಿಗಲ್ಲ, ಅದರಲ್ಲೇ ಸಿಗೋದು.

ಬೀರು ಬೀಗದಕೈ

ಮೇಲ್ವಿಚಾರಕರೇ, ನಿಮ್ಮ ಮಾತು ಒಪ್ಪಿದೆ. ಒಂದು ಬಿಟ್ಟು. ಪುಸ್ತಕ ತೆಗೆದು ಮೇಜಿನ ಮೇಲೆ ಇಡಬೇಡಿ. ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಲೈಬ್ರರಿಗಳಿಗೆ ಹೇಳಿದ ಐದು ಸೂತ್ರದಲ್ಲಿ ನಾಲ್ಕನೆಯದು ಓದುವವರ ಸಮಯ ಉಳಿಸಿ ಅಂತ, ನಿಮಗೆ ಗೊತ್ತೇ ಇದೆ. ಈ ವಯಸ್ಸಿನ ಮಕ್ಕಳ ಮಟ್ಟಿಗೆ ನಾನು ಆ ಸೂತ್ರ ಮುರೀತೀನಿ. ಮೂರು ಕಪಾಟು ತಡಕಾಡಿ, ಬೇರೇನೋ ಪುಸ್ತಕ ಕಣ್ಣಿಗೆ ಬಿದ್ದು, ಅದನ್ನು ನಿಂತಲ್ಲೇ ನಾಲ್ಕು ಪುಟ ಓದಿ, ಆಮೇಲೆ ಬೇಕಾದ್ದು ಸಿಗಲಿ. ಯಾವ ಕಪಾಟಿನಲ್ಲಿ ಯಾವ ವಿಷಯ ಅಂತ ಮಾತ್ರ ಹೇಳಿ ಬಿಡಿ.

ತೆಂಗಿನಸೀಮೆ ಮೇಷ್ಟ್ರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ, ನಿಮ್ಮ ಮಾತು ಓದಿ ಇವತ್ತೇ ಬೀರು ತೆಗೆದೆ. ದಾನ ಬಂದ ಕಟ್ಟಿನಲ್ಲಿ ನಿರಂಜನರು ಸಂಪಾದಿಸಿದ ಜ್ಞಾನಗಂಗೋತ್ರಿ ವಿಶ್ವಕೋಶದ ಸಂಪುಟಗಳಿವೆ! ಏಳರಲ್ಲಿ ಎಲ್ಲವೂ ಇಲ್ಲ. ರಟ್ಟು ಸಡಿಲವಾಗಿದೆ, ಪುಟಗಳು ಗಟ್ಟಿ ಇವೆ. ಇದನ್ನು ಏಳನೇ ಕ್ಲಾಸಿಗೆ ಕೊಡಬಹುದಾ? ಇನ್ನೊಂದು, ಮಾರ್ಕ್ಸ್ ಹೇಗೆ ಹಾಕ್ತೀರಿ? ಗುಂಪಿಗೆಲ್ಲ ಒಂದೇ ಹಾಕಿದರೆ ಬರೆದ ಹುಡುಗಿ ಅಳ್ತಾಳೆ, ಬೇರೆ ಬೇರೆ ಹಾಕಿದರೆ ಪೋಷಕರು ಬರ್ತಾರೆ.

ಬೀರು ಬೀಗದಕೈ

ಖಂಡಿತ ಕೊಡಿ, ಅದನ್ನು ಕಿರಿಯರಿಗೆ ಅಂತಲೇ ಮಾಡಿದ್ದು. ಒಂದು ಎಚ್ಚರ. ಅದು ನಿಘಂಟಿನ ಹಾಗೆ ಅ ಆ ಇ ಸಾಲಿನಲ್ಲಿಲ್ಲ, ವಿಷಯದ ಪ್ರಕಾರ ಸಂಪುಟ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟ ಅಕ್ಷರದ ಸಾಲಿನಲ್ಲಿದೆ. ಎರಡೂ ಸಿಗೋ ಕಡೆ ಹೋದಾಗ ಒಂದೇ ಪ್ರಾಣಿಯನ್ನು ಎರಡರಲ್ಲೂ ಹುಡುಕಿಸಿ, ಹುಡುಕುವ ದಾರಿ ಎರಡು ಥರ ಅಂತ ಕೈಗೇ ಗೊತ್ತಾಗುತ್ತೆ. ಗ್ರಹಗಳ ವಿಷಯಕ್ಕೆ ಜ್ಞಾನಗಂಗೋತ್ರಿಯನ್ನೂ ಹೊಸ ಪಠ್ಯವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪ್ಲೂಟೋವನ್ನು ಗ್ರಹಗಳ ಪಟ್ಟಿಯಿಂದ ತೆಗೆದದ್ದು 2006ರಲ್ಲಿ. ನಿಮ್ಮ ಮುಂದಿನ ಜಗಳ ಸಿದ್ಧ.

ಮಾರ್ಕ್ಸು: ಹತ್ತರಲ್ಲಿ ಐದು ಗುಂಪಿಗೆ, ಎಲ್ಲರಿಗೂ ಸಮ. ಮೂರು ಅವರವರ ಚೀಟಿಗೆ. ಉಳಿದ ಎರಡಕ್ಕೆ ಹೀಗೆ ಮಾಡ್ತೀನಿ: ಗುಂಪಿನ ಬರಹದಿಂದ ಒಂದು ವಾಕ್ಯ ಓದಿ, ಯಾರಾದರೂ ಒಬ್ಬರ ಕಡೆ ಕೈ ತೋರಿಸಿ, "ಇದು ಯಾವ ಪುಸ್ತಕದ್ದು? ತಗೊಂಡು ಬಾ, ಪುಟ ತೋರಿಸು" ಅಂತೀನಿ. ಯಾರನ್ನು ಕರೀತೀನಿ ಅಂತ ಮೊದಲೇ ಹೇಳಲ್ಲ. ಅವನು ಪುಟ ತೋರಿಸಿದರೆ ಎರಡು ಮಾರ್ಕ್ಸೂ ಇಡೀ ಗುಂಪಿಗೆ. ಹಿಂದಿನ ದಿನ ಸಂಜೆ ಆಟದ ಮೈದಾನದ ಕಡೆ ಕಿವಿ ಕೊಡಿ, ಜಾಣರು ಉಳಿದವರಿಗೆ ಪುಟದ ನಂಬರ್ ಬಾಯಿಪಾಠ ಮಾಡಿಸ್ತಾ ಇರ್ತಾರೆ. ಮಾಡಿಸಲಿ ಬಿಡಿ.

ಪೋಷಕರು ಬಂದರೆ ಚೀಟಿಗಳ ಕಟ್ಟು ಕೈಗೆ ಕೊಡಿ. ಅಕ್ಷರ ಯಾರದ್ದು ಅಂತ ಅವರಿಗೆ ನೀವು ಹೇಳಬೇಕಾಗಿಲ್ಲ.