ನೀವು ಕುಡೀತೀರ, ನಾನು ಸೇದಿದ್ರೆ ತಪ್ಪೇನು ಅಂತಾನೆ ಮಗ

ಪ್ರಶ್ನೆ (ಮಂಡ್ಯ): ಡಾಕ್ಟ್ರೇ, ಮಗ ಮೈಸೂರಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಬ್ಯಾಗಲ್ಲಿ ಗಾಂಜಾ ಪೊಟ್ಟಣ ಸಿಕ್ತು. ಕೇಳಿದ್ರೆ, "ನಿಮ್ಮ ಎಣ್ಣೆಗಿಂತ ಇದು ವಾಸಿ. ಕುದುರೆ ಸವಾರಿಗಿಂತ ಡ್ರಗ್ಸ್ ಅಪಾಯ ಕಮ್ಮಿ ಅಂತ ಬ್ರಿಟನ್ ವಿಜ್ಞಾನಿನೇ ಬರ್ದಿದಾನೆ" ಅಂತಾನೆ. ನನಗೆ ಬಾಯೇ ಬರ್ಲಿಲ್ಲ.

ಉತ್ತರ (ಮನೋವೈದ್ಯ, ಮೈಸೂರು): ಮಗ ಸುಳ್ಳು ಹೇಳಿಲ್ಲ ಸ್ವಾಮಿ, ಅರ್ಧ ಹೇಳಿದಾನೆ. ಆ ವಿಜ್ಞಾನಿ ಡೇವಿಡ್ ನಟ್. 2009ರಲ್ಲಿ ಅವರು ಹಾಕಿದ ಲೆಕ್ಕ: ಕುದುರೆ ಸವಾರಿಯಲ್ಲಿ ಸುಮಾರು 350 ಸಲಕ್ಕೊಂದು ಗಂಭೀರ ಅನಾಹುತ, ಎಕ್ಸ್‌ಟಸಿ ಅನ್ನೋ ಅಮಲಿನ ಮಾತ್ರೆಯಲ್ಲಿ 10,000ಕ್ಕೊಂದು. ಅದೇ ವರ್ಷ ಬ್ರಿಟನ್ ಸರ್ಕಾರ ಅವರನ್ನ ತನ್ನ ಡ್ರಗ್ಸ್ ಸಲಹಾ ಮಂಡಳಿ ಅಧ್ಯಕ್ಷ ಸ್ಥಾನದಿಂದ ತೆಗೀತು. ಆದ್ರೆ ಆ ಲೆಕ್ಕ ಮಾತ್ರೆದು, ದಿನಾ ಸೇದೋ ಗಾಂಜಾದ್ದಲ್ಲ.

ಒಂದು ಅಪಾಯನ ಒಪ್ಕೊಂಡು ಇನ್ನೊಂದನ್ನ ಯಾಕೆ ಬೈತೀವಿ ಅಂತ ನಟ್ ಎತ್ತಿದ ಪ್ರಶ್ನೆ ಮಾತ್ರ ನಮಗೂ ತಟ್ಟುತ್ತೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪನ್ನ ಸರ್ಕಾರದ ತಂಬಾಕು ಮಂಡಳಿಯೇ ಹರಾಜು ಹಾಕಿಸುತ್ತೆ. 2018ರಲ್ಲಿ ಮಂಡ್ಯ ಜಿಲ್ಲೆಯ ಕನಗನಮರಡಿ ಹತ್ರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದ್ರು. ಆದ್ರೂ ನಾಲೆ ಏರಿ ಮೇಲೆ ಕುಡಿದು ಬೈಕ್ ಓಡಿಸ್ಕೊಂಡು ಬರೋನನ್ನ "ಒಂಚೂರು ಹಾಕ್ಕೊಂಡಿದ್ದ" ಅಂತ ಊರು ನಕ್ಕು ಬಿಡುತ್ತೆ. ಗಾಂಜಾ ಸೇದೋನು ಅಂತ ಗೊತ್ತಾದ್ರೆ ಹೆಣ್ಣು ಕೊಡಲ್ಲ. ಅಪಾಯನ ತೂಗಿ ಕೊಟ್ಟ ತೀರ್ಪಲ್ಲ ಇದು, ಕಣ್ಣಿಗೆ ರೂಢಿಯಾಗಿದ್ದು ಕಾಣಲ್ಲ ಅಷ್ಟೆ.

ಹಾಗಂತ ಎಣ್ಣೆ ಕೆಟ್ಟದ್ದಾದ್ರೆ ಗಾಂಜಾ ಒಳ್ಳೇದಾಗಲ್ಲ. ಇಪ್ಪತ್ತರ ಹುಡುಗನ ಮೆದುಳು ಇನ್ನೂ ಬಲೀತಿರುತ್ತೆ. ಮನೆತನದಲ್ಲಿ ಯಾರಿಗಾದ್ರೂ ಮನಸ್ಸಿನ ದೊಡ್ಡ ಕಾಯಿಲೆ ಇದ್ರೆ, ಅಂಥವರಿಗೆ ಗಾಂಜಾದಿಂದ ಭ್ರಮೆ, ಸಂಶಯದ ಕಾಯಿಲೆ ಬರೋ ಸಾಧ್ಯತೆ ಜಾಸ್ತಿ. ನಿಮ್ಮ ಕಡೆ ಇತ್ತಾ, ಅದನ್ನ ಮೊದ್ಲು ಹೇಳಿ.

ಪ್ರಶ್ನೆ (ಮೈಸೂರು, ಉಪನ್ಯಾಸಕಿ): ಹಾಗಾದ್ರೆ ಕಾನೂನುಬದ್ಧ ಮಾಡಿ ಅಂತೀರಾ ಸಾರ್?

ಉತ್ತರ: ಸೇದಿದವನನ್ನ ಜೈಲಿಗೆ ಹಾಕ್ಬೇಡಿ, ಅಂಗಡೀನೂ ತೆರೀಬೇಡಿ ಅಂತೀನಿ ಮೇಡಂ. ಪೋರ್ಚುಗಲ್ 2001ರಲ್ಲಿ ಮಾಡಿದ್ದು ಹೆಚ್ಚುಕಮ್ಮಿ ಇದೇ: ಹತ್ತು ದಿನದ ಬಳಕೆಯಷ್ಟು ಇಟ್ಕೊಂಡ್ರೆ ಕ್ರಿಮಿನಲ್ ಕೇಸಿಲ್ಲ, ಸಮಿತಿ ಮುಂದೆ ಹಾಜರಿ. ಮಾರೋದು ಅಪರಾಧವೇ. ಕೆನಡಾ 2018ರಲ್ಲಿ ಅಂಗಡೀನೇ ತೆರೀತು. ನನಗೆ ಅಂಗಡಿ ಕಂಡ್ರೆ ಭಯ, ಯಾಕಂದ್ರೆ ವ್ಯಾಪಾರ ನಡೆಯೋದು ದಿನಾ ಬರೋ ಗಿರಾಕಿಯಿಂದ. 2007ರಲ್ಲಿ ಸಾರಾಯಿ ನಿಲ್ಸಿದ್ರಲ್ಲ, ಕುಡಿಯೋರು ಅಗ್ಗದ ವಿಸ್ಕಿ, ಬ್ರಾಂದಿಗೆ ಹೋದ್ರು. ಖಜಾನೆಗೆ ನಷ್ಟ ಆಯ್ತಾ?

ವಕೀಲರು: ಸದ್ಯ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದ್ರೆ ಮಾದಕ ವಸ್ತು ತಡೆ ಕಾನೂನು ಇದೆ, ಮರೀಬೇಡಿ. 1 ಕೆ.ಜಿ. ಒಳಗಿನ ಗಾಂಜಾ ಕಾನೂನಿನಲ್ಲಿ 'ಅಲ್ಪ ಪ್ರಮಾಣ'. ಅದಕ್ಕೂ 1 ವರ್ಷದ ತನಕ ಜೈಲು, 10,000 ರೂಪಾಯಿ ತನಕ ದಂಡ, ಅಥವಾ ಎರಡೂ. ವ್ಯಸನಿ ತಾನಾಗೇ ಚಿಕಿತ್ಸೆಗೆ ಬಂದ್ರೆ 64ಎ ಕಲಂನಲ್ಲಿ ರಕ್ಷಣೆ ಸಿಗುತ್ತೆ.

ಪ್ರಶ್ನೆ (ಮಂಡ್ಯ): ನಮ್ಮ ಚಿಕ್ಕಪ್ಪಂಗೆ ಸಂಶಯದ ಕಾಯಿಲೆ ಇತ್ತು ಡಾಕ್ಟ್ರೇ. ಎಲ್ಲರೂ ಗಾಳಿ ಅಂತಿದ್ರು.

ಉತ್ತರ: ಹಾಗಿದ್ರೆ ವಾದ ಮಾಡ್ತಾ ಕೂರ್ಬೇಡಿ, ಈ ವಾರವೇ ಕರ್ಕೊಂಡು ಬನ್ನಿ. ನಿದ್ದೆ ಕೆಟ್ಟಿದೆಯಾ, ಯಾರೋ ನನ್ನ ಬಗ್ಗೆ ಮಾತಾಡ್ತಿದಾರೆ ಅಂತಾನಾ, ಗಮನಿಸಿ. ಚಿಕ್ಕಪ್ಪನ ವಿಷಯ ಅವನಿಗೇ ಹೇಳಿ, ಯಾವ ಅಂಕಿಅಂಶಕ್ಕಿಂತ ಅದು ನಾಟುತ್ತೆ. ಬರೋವಾಗ ನಿಮ್ಮ ಕುಡಿತದ ಲೆಕ್ಕನೂ ತನ್ನಿ, ಅವನ ಮುಂದೇನೇ ಕೇಳ್ತೀನಿ.